ಈ ಕುರ್ಚಿಯ ಮೇಲೆ ಕೂತವರು ಯಾರು?

ಒಂದು ಕುರ್ಚಿಯ ಚಿತ್ರ ನಮ್ಮ ಮುಂದಿದೆ. ತೇಗದ ಮರ. ಕೂರುವ ಜಾಗಕ್ಕೂ ಬೆನ್ನಿಗೂ ಬೆತ್ತದ ಹೆಣಿಗೆ. ಕಾಲುಗಳು ನೆಟ್ಟಗಿಲ್ಲ, ಕೈವಾರ ಬಿಡಿಸಿ ನಿಲ್ಲಿಸಿದ ಹಾಗೆ ಮೇಲೆ ಕೂಡಿಕೊಂಡು ಕೆಳಗೆ ಅಗಲವಾಗಿವೆ. ಮರದ ಮೇಲೆ ಬಿಳಿ ಬಣ್ಣದಲ್ಲಿ ಇಲಾಖೆಯ ಗುರುತು, ಪಕ್ಕದಲ್ಲಿ ಒಂದು ನಂಬರು. ಬೆತ್ತ ಹೆಣೆದ, ನಂಬರು ಬರೆದ ಸರ್ಕಾರಿ ಕುರ್ಚಿಗಳನ್ನು ತಾಲೂಕು ಕಚೇರಿಗಳಲ್ಲಿ ನೀವೂ ನೋಡಿದ್ದೀರಿ. ಆದರೆ ಇದು ಚಂಡೀಗಢದ ಕುರ್ಚಿ. ಪ್ಯಾರಿಸ್, ಲಂಡನ್, ನ್ಯೂಯಾರ್ಕಿನ ಹರಾಜುಕಟ್ಟೆಗಳಲ್ಲಿ ಇದರ ಬೆಲೆ ಲಕ್ಷಗಳಲ್ಲಿ. ಹರಾಜಿನ ಪುಸ್ತಕದಲ್ಲಿ ವಿನ್ಯಾಸಕಾರನ ಹೆಸರಿದೆ, ಇಸವಿ ಇದೆ, ಅಳತೆ ಇದೆ, ಮರದ ಜಾತಿಯೂ ಇದೆ. ಮಾಡಿದವನ ಹೆಸರಿಲ್ಲ. ಹೆಣೆದವನ ಹೆಸರಿಲ್ಲ. ಕೂತವನದಂತೂ ಕೇಳಲೇಬೇಡಿ.

ಕವಿತೆ ಬಿಟ್ಟು ಕುರ್ಚಿ ಹಿಡಿದುಕೊಂಡಿರಲ್ಲ ಎಂದು ಗೆಳೆಯರು ನಗಬಹುದು. ನಾವು ಬಿಟ್ಟಿಲ್ಲ. ನವ್ಯದ ಕಾಲದಲ್ಲಿ ವಿಮರ್ಶಕರು ಕವಿತೆಯ ಆಕೃತಿಯನ್ನು ಅಳೆದರು, ಪ್ರತಿಮೆಗಳನ್ನು ಎಣಿಸಿದರು. ಈ ಕವಿತೆಯೊಳಗೆ ಯಾರಿಗೆ ಪ್ರವೇಶವಿಲ್ಲ ಎಂದು ಕೇಳಿದವರು ದಲಿತ ಮತ್ತು ಬಂಡಾಯದ ಬರಹಗಾರರು. ಹರಾಜಿನ ಪುಸ್ತಕ ಬರೆಯುವ ಕುರ್ಚಿಯ ವಿಮರ್ಶಕರು ಇನ್ನೂ ನವ್ಯದಲ್ಲೇ ಇದ್ದಾರೆ. ಅವರಿಗೆ ರೇಖೆ ಕಾಣ್ತದೆ, ಬಾಗು ಕಾಣ್ತದೆ. ಕೈ ಕಾಣೋದಿಲ್ಲ. ಅದಕ್ಕೇ ಈ ಬರಹ.

ಮೊದಲು ಕತೆ. 1947ರ ದೇಶವಿಭಜನೆಯಲ್ಲಿ ಲಾಹೋರ್ ಪಾಕಿಸ್ತಾನಕ್ಕೆ ಹೋಯಿತು. ಭಾರತದ ಪಂಜಾಬಿಗೆ ಹೊಸ ರಾಜಧಾನಿ ಬೇಕಾಯಿತು. ಶಿವಾಲಿಕ್ ಬೆಟ್ಟಗಳ ತಪ್ಪಲಿನಲ್ಲಿ ಹಳ್ಳಿಗಳನ್ನು ಎಬ್ಬಿಸಿ ಊರು ಕಟ್ಟಲು ಹೊರಟರು. 1951ರಲ್ಲಿ ಫ್ರಾನ್ಸಿನಿಂದ ಲ ಕಾರ್ಬೂಸಿಯೆ ಎಂಬ ಹೆಸರಾಂತ ವಾಸ್ತುಶಿಲ್ಪಿ ಬಂದ. ಜೊತೆಗೆ ಅವನ ಸೋದರಸಂಬಂಧಿ ಪಿಯೆರ್ ಜಾನ್ನೆರೆ. ದೊಡ್ಡವನು ಆಗಾಗ ಬಂದು ಹೋಗುತ್ತಿದ್ದ. ಜಾನ್ನೆರೆ ಮಾತ್ರ 1965ರವರೆಗೂ ಅಲ್ಲೇ ಉಳಿದ. ಹೊಸ ಊರಿನ ಕಚೇರಿ, ಕೋರ್ಟು, ಕಾಲೇಜು, ಗ್ರಂಥಾಲಯಗಳಿಗೆ ಸಾವಿರಾರು ಕುರ್ಚಿ ಮೇಜುಗಳು ಬೇಕಾದಾಗ ಆ ಕೆಲಸದ ಮುಂದಾಳಾಗಿ ನಿಂತವನು ಅವನೇ.

ಅವನ ಕೆಲಸದಲ್ಲಿ ಮೆಚ್ಚುವಂಥದ್ದು ಇಲ್ಲವೆ? ಇದೆ. ಇದ್ದದ್ದನ್ನು ಇದೆ ಎನ್ನಬೇಕು. 1929ರ ಪ್ಯಾರಿಸ್ ಪ್ರದರ್ಶನದಲ್ಲಿ ಇದೇ ಜಾನ್ನೆರೆ, ಕಾರ್ಬೂಸಿಯೆ ಮತ್ತು ಶಾರ್ಲೊಟ್ ಪೆರಿಯಾಂ ಎಂಬ ಹೆಣ್ಣುಮಗಳು ಸೇರಿ ಉಕ್ಕಿನ ಕೊಳವೆ ಬಗ್ಗಿಸಿ ಮಾಡಿದ ಕುರ್ಚಿಗಳನ್ನು ಇಟ್ಟಿದ್ದರು. ಅದು ಯಂತ್ರದ ಕಾಲದ ಕುರ್ಚಿ, ಯಂತ್ರದ ಹೊಳಪು. ಚಂಡೀಗಢಕ್ಕೆ ಬಂದ ಜಾನ್ನೆರೆ ಆ ಉಕ್ಕನ್ನು ಇಲ್ಲಿಗೆ ಹೊತ್ತು ತರಲಿಲ್ಲ. ಇಲ್ಲಿ ಏನು ಸಿಕ್ತದೆ, ಯಾರ ಕೈಗೆ ಯಾವ ಕೆಲಸ ಗೊತ್ತು ಎಂದು ನೋಡಿದ. ತೇಗವನ್ನು ಗೆದ್ದಲು ಬೇಗ ಹಿಡಿಯದು. ಬೆತ್ತದ ಸಂದಿಯಲ್ಲಿ ಗಾಳಿ ಆಡ್ತದೆ, ಬೇಸಿಗೆಯಲ್ಲಿ ಬೆನ್ನು ಬೇಯೋದಿಲ್ಲ. ಕಾಲು ಮುರಿದರೆ ಊರ ಬಡಗಿಯೇ ಕೂಡಿಸಬಲ್ಲ. ಕೆಲಸ ಒಂದೇ ದೊಡ್ಡ ಕಾರ್ಖಾನೆಗೆ ಹೋಗಲಿಲ್ಲ, ಹಲವು ಸಣ್ಣ ಕಾರ್ಖಾನೆಗಳಿಗೆ ಹಂಚಿಹೋಯಿತು. ಅದಕ್ಕೇ ಒಂದೇ ನಮೂನೆಯ ಎರಡು ಕುರ್ಚಿಗಳಲ್ಲೂ ಅಳತೆ ಅಷ್ಟಿಷ್ಟು ಬೇರೆ. ತನ್ನ ಮನೆಗೆ ಬಿದಿರು, ಹಗ್ಗದಲ್ಲೂ ಅವನು ಆಸನ ಮಾಡಿ ನೋಡಿದ. 1967ರಲ್ಲಿ ಸತ್ತ ಮೇಲೆ ಅವನ ಬೂದಿಯನ್ನು ಅವನಿಚ್ಛೆಯಂತೆ ಚಂಡೀಗಢದ ಸುಖ್ನಾ ಕೆರೆಯಲ್ಲೇ ಬಿಟ್ಟರು. ಈ ಮನುಷ್ಯನ ಪ್ರಾಮಾಣಿಕತೆ ನಮ್ಮ ಪ್ರಶ್ನೆಯಲ್ಲ.

ನಮ್ಮ ಮೊದಲ ಪ್ರಶ್ನೆ ಹೆಸರಿನದು. ಪೆರಿಯಾಂ 1927ರಲ್ಲಿ ಕೆಲಸ ಕೇಳಿಕೊಂಡು ಹೋದಾಗ, ಇಲ್ಲಿ ದಿಂಬಿಗೆ ಕಸೂತಿ ಹಾಕೋದಿಲ್ಲಮ್ಮ ಎಂಬ ಅರ್ಥದ ಮಾತಾಡಿ ಕಾರ್ಬೂಸಿಯೆ ಅವಳನ್ನು ಸಾಗಹಾಕಿದ್ದ. ಅವಳ ಕೆಲಸ ಕಣ್ಣಾರೆ ನೋಡಿದ ಮೇಲೆ ತಾನೇ ಕರೆಸಿಕೊಂಡ. ಆದರೂ ಮೂವರು ಮಾಡಿದ ಕುರ್ಚಿಗಳು ದಶಕಗಟ್ಟಲೆ ಅವನೊಬ್ಬನ ಹೆಸರಲ್ಲೇ ಓಡಾಡಿದವು. ಚಂಡೀಗಢದಲ್ಲೂ ಅದೇ ಆಟ. ಜಾನ್ನೆರೆಯ ಜೊತೆ ಪೀಠೋಪಕರಣಗಳ ಕೆಲಸ ಮಾಡಿದ ಯೂಲಿ ಚೌಧರಿ ಎಂಬ ಭಾರತೀಯ ವಾಸ್ತುಶಿಲ್ಪಿಯ ಹೆಸರು ಹರಾಜಿನ ಪುಸ್ತಕಗಳಿಗೆ ಹತ್ತಿದ್ದು ತಡವಾಗಿ, ಅದೂ ಕೆಲವೇ ಕುರ್ಚಿಗಳಿಗೆ. ಓದುಬರಹ ಬಲ್ಲ, ನಕ್ಷೆಗೆ ಸಹಿ ಹಾಕಬಲ್ಲ ಹೆಂಗಸಿಗೇ ಈ ಗತಿ. ಬಾಚಿ, ಉಳಿ, ಕೀಸುಳಿ ಹಿಡಿದವನು ಎಲ್ಲಿ ಸಹಿ ಹಾಕಬೇಕಿತ್ತು?

ಎರಡನೆಯ ಪ್ರಶ್ನೆ ಶ್ರೇಣಿಯದು. ಚಂಡೀಗಢವನ್ನು ಹೊಸ ಭಾರತದ ಊರು, ಸಮಾನತೆಯ ಊರು ಎಂದು ಹೊಗಳುವವರಿದ್ದಾರೆ. ಆ ಊರಿನ ಸರ್ಕಾರಿ ಮನೆಗಳನ್ನು 13 ದರ್ಜೆಗಳಾಗಿ ವಿಂಗಡಿಸಿದ್ದರು. ಮೊದಲನೆಯದು ಮುಖ್ಯಮಂತ್ರಿಗೆ, ಕೊನೆಯದು ಜವಾನನಿಗೆ. ಕೊನೆಯ ದರ್ಜೆಯ ಮನೆಗೂ ನಲ್ಲಿ, ಕಕ್ಕಸು ಕೊಟ್ಟರು. ಅದು ಸಣ್ಣ ಮಾತಲ್ಲ. ಇಂದಿಗೂ ಎಷ್ಟೋ ಕೇರಿಗಳಿಗೆ ಅದಿಲ್ಲ. ಆದರೆ ಸಂಬಳ ನೋಡಿ ಗೋಡೆ ಎಬ್ಬಿಸಿದ ಊರು ಮೆಟ್ಟಿಲನ್ನು ಒಡೆಯಲಿಲ್ಲ, ಮೆಟ್ಟಿಲಿಗೆ ನಂಬರು ಹಾಕಿತು. ಬಾಬಾಸಾಹೇಬರು ಶ್ರೇಣೀಕೃತ ಅಸಮಾನತೆ ಎಂದರಲ್ಲ, ಅದಕ್ಕೆ ಕಾಂಕ್ರೀಟು ಹಾಕಿದರೆ ಹೀಗಿರ್ತದೆ. ಇನ್ನು ಆ ಕಾಂಕ್ರೀಟನ್ನು ತಲೆಯ ಮೇಲೆ ಹೊತ್ತ ಕೂಲಿಯವರು? ಅವರು ಆ 13ರಲ್ಲಿ ಎಲ್ಲೂ ಇರಲಿಲ್ಲ. ಊರು ಏಳುವಾಗ ಲೇಬರ್ ಕಾಲೋನಿಗಳ ಗುಡಿಸಲಲ್ಲಿದ್ದರು. ಊರು ಎದ್ದ ಮೇಲೆ ಆ ಗುಡಿಸಲುಗಳೇ ಅಕ್ರಮವಾದವು.

ಕುರ್ಚಿಗಳಲ್ಲೂ ಮೆಟ್ಟಿಲಿತ್ತು. ಕಚೇರಿಯ ಕುರ್ಚಿಗೆ ಬೆತ್ತ, ಹೈಕೋರ್ಟಿನ ಕುರ್ಚಿಗೆ ಚರ್ಮದ ಹೊದಿಕೆ. ಚರ್ಮ ಗೌರವದ ಗುರುತಂತೆ! ಓದುಗರೆ, ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಸತ್ತ ದನ ಹೊತ್ತು, ತೊಗಲು ಸುಲಿದು, ಹದ ಮಾಡಿದವರನ್ನು ಈ ದೇಶ ಊರಾಚೆ ಇಟ್ಟಿತು. ಹದವಾದ ತೊಗಲನ್ನು ಮಾತ್ರ ನ್ಯಾಯಸ್ಥಾನದೊಳಗೆ ಕರೆದು ಕೂರಿಸಿತು. ತೊಗಲಿಗೆ ಮೈಲಿಗೆ ಇಲ್ಲ, ತೊಗಲಿನ ಕೆಲಸದವನಿಗೆ ಮೈಲಿಗೆ. ಬೆತ್ತದ ಕತೆಯೂ ಬೇರೆಯಲ್ಲ. ನಮ್ಮ ಕಡೆ ಬಿದಿರು ಬೆತ್ತ ಹೆಣೆಯುವವರು ಮೇದರು. ಸರ್ಕಾರಿ ಕುರ್ಚಿಗಳಿಗೆ ಬೆತ್ತ ಹೆಣೆಯುವುದನ್ನು ಕಣ್ಣಿಲ್ಲದವರಿಗೆ ಕಲಿಸಿ ಅನ್ನದ ದಾರಿ ಮಾಡಿಕೊಟ್ಟದ್ದೂ ಈ ದೇಶದಲ್ಲಿ ಉಂಟು. ಕಾಣದವರು ಹೆಣೆದ ಕುರ್ಚಿಯ ಮೇಲೆ ಕೂತವರು ಹೆಣೆದವರನ್ನು ಕಾಣಲಿಲ್ಲ.

ಮುಂದೆ ಆ ಕುರ್ಚಿಗಳಿಗೆ ಏನಾಯಿತು? ಹಳತಾದವು. ಕಚೇರಿಗಳ ಮಾಳಿಗೆಯ ಮೇಲೆ, ಹಿತ್ತಿಲಲ್ಲಿ ರಾಶಿ ಬಿದ್ದವು. ಇಲಾಖೆಯವರು ಗುಜರಿಯ ಲೆಕ್ಕದಲ್ಲಿ ಹರಾಜು ಹಾಕಿದರು. ಪ್ಯಾರಿಸ್ಸಿನ ವ್ಯಾಪಾರಿಗಳು ಬಂದು ಕೊಂಡು, ಕಂಟೇನರಿಗೆ ತುಂಬಿ, ಅಲ್ಲಿ ಉಜ್ಜಿ ಹೊಳಪು ಕೊಟ್ಟು ಮಾರಿದರು. ಸರ್ಕಾರಕ್ಕೆ ಎಚ್ಚರವಾಗಿ, ಈ ಸಾಮಾನು ಮಾರಬಾರದೆಂದು ಕೇಂದ್ರದ ಗೃಹ ಇಲಾಖೆ ಆದೇಶ ಹೊರಡಿಸುವ ಹೊತ್ತಿಗೆ 2011. ಆಮೇಲೆ ಲೆಕ್ಕ ಹಾಕಿದರೆ ಅಲ್ಲಿ ಉಳಿದದ್ದು 12,000ಕ್ಕೂ ಹೆಚ್ಚು ಸಾಮಾನು. ಆ ಬಿಳಿ ನಂಬರನ್ನು ಮತ್ತೆ ನೆನಪಿಸಿಕೊಳ್ಳಿ. ಅದನ್ನು ಬರೆದದ್ದು ಸರ್ಕಾರದ ಸ್ವತ್ತು ಕಳುವಾಗದಿರಲಿ ಎಂದು. ಈಗ ಅದೇ ನಂಬರು ಇದು ಅಸಲಿ ಎಂದು ಸಾಕ್ಷಿ ಹೇಳಿ ಬೆಲೆ ಏರಿಸ್ತದೆ.

ಅಮೆರಿಕದ ಏಮಿ ಸೀಗಲ್ ಎಂಬ ಕಲಾವಿದೆ 2013ರಲ್ಲಿ ‘ಪ್ರಾವನೆನ್ಸ್’ ಎಂಬ ಚಿತ್ರ ಮಾಡಿದರು. ಶ್ರೀಮಂತರ ಮನೆಯ ಕೋಣೆಗಳಿಂದ ಹೊರಟು ಹರಾಜುಕಟ್ಟೆ, ಹಡಗು ದಾಟಿ, ಹಿಂದಕ್ಕೆ ಹಿಂದಕ್ಕೆ ಬಂದು ಚಂಡೀಗಢದ ಧೂಳಿನ ಕಚೇರಿಗಳಲ್ಲಿ ಅದು ಮುಗಿಯುತ್ತದೆ. ಆಮೇಲೆ ಅವರು ಆ ಚಿತ್ರವನ್ನೂ ಲಂಡನ್ನಿನಲ್ಲಿ ಹರಾಜಿಗಿಟ್ಟು, ಆ ಹರಾಜನ್ನೂ ಚಿತ್ರ ಮಾಡಿದರು. ಕಲೆಯೂ ಸಂತೆಯ ಸರಕೇ ಎಂದು ತೋರಿಸಿದ ಧೈರ್ಯಕ್ಕೆ ನಮ್ಮ ಮೆಚ್ಚುಗೆ ಇದೆ. ಆದರೆ ಚಿತ್ರದಲ್ಲಿ ವಿವರಣೆಯ ಮಾತಿಲ್ಲ. ಹಿಂದಕ್ಕೆ ನಡೆದ ಆ ಕ್ಯಾಮೆರಾ ಕಚೇರಿಯಲ್ಲಿ ನಿಂತುಬಿಟ್ಟಿತು. ಇನ್ನೂ ಹಿಂದಕ್ಕೆ, ಬಡಗಿಯ ಕೊಟ್ಟಿಗೆಯವರೆಗೆ ಹೋಗಬೇಕಿತ್ತು. ಇಂದು ನಮ್ಮ ಬೆಂಗಳೂರಿನಲ್ಲೇ ಈ ಕುರ್ಚಿಗಳನ್ನು ಹೊಸದಾಗಿ ಮಾಡುವ ಸಂಸ್ಥೆಯೊಂದಿದೆ. ಅದರ ಹೆಸರು ಫ್ಯಾಂಟಮ್ ಹ್ಯಾಂಡ್ಸ್. ನಮ್ಮ ಕಿವಿಗೆ ಅದು ಕಾಣದ ಕೈಗಳು ಎಂದೇ ಕೇಳಿಸ್ತದೆ. ಕೈ ಇದೆ ಎಂದಾದರೂ ಆ ಹೆಸರು ಒಪ್ಪಿಕೊಂಡಿದೆ.

ಮೂರನೆಯ ಪ್ರಶ್ನೆಯೇ ನಮಗೆ ಮುಖ್ಯ. ಕೂರುವವರ ಪ್ರಶ್ನೆ. ಕಾರ್ಬೂಸಿಯೆ ‘ಮಾಡ್ಯುಲರ್’ ಎಂಬ ಅಳತೆಗೋಲು ಮಾಡಿಕೊಂಡಿದ್ದ. ಆರಡಿಯ ಗಂಡಸೊಬ್ಬನ ಮೈಯನ್ನು ಅಳೆದು, ಆ ಲೆಕ್ಕದಲ್ಲಿ ಬಾಗಿಲು, ಗೋಡೆ, ಆಸನಗಳ ಎತ್ತರ ಹೇಳುವ ಕೋಲು ಅದು. ಚಂಡೀಗಢದ ಕಟ್ಟಡಗಳಿಗೂ ಅದೇ ಕೋಲು ಬಿತ್ತು. ಮನುಷ್ಯನ ಮೈಯೆಂದರೆ ಮಂಡಿ ಎಷ್ಟು ಎತ್ತರ, ಮೊಣಕೈ ಎಷ್ಟು ಎತ್ತರ ಎಂಬುದಷ್ಟೇ ಅವರ ಶಾಸ್ತ್ರ. ಈ ದೇಶದಲ್ಲಿ ಮೈಗೆ ಇನ್ನೊಂದು ಅಳತೆ ಇದೆ. ಎಲ್ಲಿ ಕೂರಬಹುದು, ಯಾರ ಮುಂದೆ ಕೂರಬಹುದು, ಎಷ್ಟು ಎತ್ತರದಲ್ಲಿ ಕೂರಬಹುದು ಎಂಬುದು ಆ ಅಳತೆ. ಅದು ಯಾವ ನಕ್ಷೆಯಲ್ಲೂ ಇಲ್ಲ. ಎಲ್ಲರಿಗೂ ಬಾಯಿಪಾಠ.

ಬಾಲಕ ಭೀಮರಾಯ ಶಾಲೆಯಲ್ಲಿ ಕೂತದ್ದು ಮೂಲೆಯಲ್ಲಿ, ಮನೆಯಿಂದ ತಂದ ಗೋಣಿತಾಟಿನ ಮೇಲೆ. ಆ ಗೋಣಿಯನ್ನು ಶಾಲೆಯ ಜವಾನ ಮುಟ್ಟುತ್ತಿರಲಿಲ್ಲ. ಸಂಜೆ ಮನೆಗೆ ಹೊತ್ತು ತಂದು ಬೆಳಿಗ್ಗೆ ಮತ್ತೆ ಒಯ್ಯಬೇಕಿತ್ತು. ಆಸನಗಳ ಚರಿತ್ರೆ ಬರೆಯುವವರು ಆ ಗೋಣಿತಾಟನ್ನು ಯಾವ ಅಧ್ಯಾಯದಲ್ಲಿ ಸೇರಿಸುತ್ತಾರೆ? ಅದು ಹಳೇ ಮಾತು ಅನ್ನಬೇಡಿ. 2019ರಲ್ಲಿ ಉತ್ತರಾಖಂಡದ ತೆಹ್ರಿ ಜಿಲ್ಲೆಯ ಮದುವೆಯೊಂದರಲ್ಲಿ ಮೇಲ್ಜಾತಿಯವರ ಎದುರು ಕುರ್ಚಿಯಲ್ಲಿ ಕೂತು ಉಂಡನೆಂದು ದಲಿತ ಯುವಕನೊಬ್ಬನನ್ನು ಹೊಡೆದರೆಂದು ಕೇಸಾಯಿತು. ಅವನು ಆಸ್ಪತ್ರೆಯಲ್ಲಿ ಸತ್ತ. ಅವನು ಮರಗೆಲಸದವನೆಂದು ಪತ್ರಿಕೆಗಳು ಬರೆದವು. 2020ರಲ್ಲಿ ತಮಿಳುನಾಡಿನ ಕಡಲೂರು ಜಿಲ್ಲೆಯ ಪಂಚಾಯ್ತಿಯೊಂದರಲ್ಲಿ ಸದಸ್ಯರು ಕುರ್ಚಿಗಳ ಮೇಲೆ, ದಲಿತ ಹೆಣ್ಣುಮಗಳಾದ ಅಧ್ಯಕ್ಷೆ ನೆಲದ ಮೇಲೆ ಕೂತ ಫೋಟೋವನ್ನು ಇಡೀ ದೇಶ ನೋಡಿತು. ಅಧ್ಯಕ್ಷ ಪೀಠವನ್ನು ಸಂವಿಧಾನ ಕೊಟ್ಟಿತ್ತು. ಕುರ್ಚಿಯನ್ನು ಊರು ಕೊಟ್ಟಿರಲಿಲ್ಲ.

ನಮ್ಮ ಮನೆಗೆ ಮೊದಲ ಕುರ್ಚಿ ಬಂದದ್ದು ನಾವು ಪಿಯುಸಿ ಓದುವಾಗ. ಕೆಂಪು ಪ್ಲಾಸ್ಟಿಕ್ಕಿನದು, ಸಂತೆಯಲ್ಲಿ ಕೊಂಡದ್ದು. ಅಪ್ಪ ಅದನ್ನು ಒರೆಸಿ ಗೋಡೆಗೆ ಒತ್ತಿ ಇಟ್ಟ. ‘ಯಾರಾರ ಬಂದ್ರೆ ಬೇಕಾಯ್ತದೆ’ ಅಂದ. ಯಾರಾದರೂ ಬಂದರೆ ಅವರನ್ನು ಅದರ ಮೇಲೆ ಕೂರಿಸಿ ತಾನು ನೆಲಕ್ಕೆ ಕೂರುತ್ತಿದ್ದ. ಯಾರೂ ಇಲ್ಲದಾಗಲೂ ನೆಲಕ್ಕೇ ಕೂರುತ್ತಿದ್ದ. ‘ಕೂತ್ಕೊ ಅಪ್ಪಾ’ ಅಂದರೆ, ‘ಬ್ಯಾಡ ಕಣ್ಲಾ, ಸೊಂಟ ನೋಯ್ತದೆ’ ಅನ್ನುತ್ತಿದ್ದ. ನೋವು ಕುರ್ಚಿಯದಲ್ಲ ಎಂದು ತಿಳಿಯಲು ನಾವು ಡಿಗ್ರಿ ಮುಗಿಸಬೇಕಾಯಿತು. ಜಗತ್ತಿನ ಯಾವ ವಿನ್ಯಾಸಕಾರನೂ ಆ ಸೊಂಟಕ್ಕೆ ಕುರ್ಚಿ ಮಾಡಿಕೊಡಲಾರ. ಅದು ಚಳವಳಿಯ ಕೆಲಸ.

ಹಾಗೆಂದು ವಿನ್ಯಾಸ ಬೇಡವೆನ್ನುವುದು ನಮ್ಮ ನಿಲುವಲ್ಲ. ಚೆಂದದ ಕುರ್ಚಿ ಬೇಕು, ಅಗ್ಗವಾಗಿರಬೇಕು, ಊರ ಬಡಗಿ ಮಾಡುವಂತಿರಬೇಕು. ಜಾನ್ನೆರೆಯಿಂದ ಇಷ್ಟನ್ನು ಕಲಿಯೋಣ. ಆದರೆ ಕುರ್ಚಿಯನ್ನು ವಿಮರ್ಶೆ ಮಾಡುವಾಗ ಮಾಡಿದ ಕೈಯನ್ನೂ ಕೂರಲಾರದ ಮೈಯನ್ನೂ ಬಿಟ್ಟು ಬರಿ ಆಕೃತಿಯನ್ನು ಹೊಗಳುವವರನ್ನು ಒಪ್ಪುವುದು ಬೇಡ. 1985ರಲ್ಲಿ ಚಂಡೀಗಢದಲ್ಲಿ ಕಾರ್ಬೂಸಿಯೆಯ ಕಲ್ಪನೆಯ ‘ತೆರೆದ ಕೈ’ ಎಂಬ 26 ಮೀಟರಿನ ಲೋಹದ ಸ್ಮಾರಕ ನಿಲ್ಲಿಸಿದರು. ಅದು ಗಾಳಿಗೆ ತಿರುಗ್ತದೆ. ಅದರ ಬುಡದಲ್ಲಿ ಬಡಗಿಗಳ, ಬೆತ್ತದವರ, ಕೂಲಿಯವರ ಹೆಸರುಗಳನ್ನು ಕೆತ್ತಲು ಬೇಕಾದಷ್ಟು ಜಾಗವಿದೆ.

ಹಳ್ಳಿಗಳಲ್ಲಿ ಪಾಠ ಹೇಳುವ ಗೆಳೆಯರೆ, ನಾಳೆ ನಿಮ್ಮ ಶಾಲೆಯ ಕುರ್ಚಿಗಳನ್ನು ಒಮ್ಮೆ ನೋಡಿ. ಅದನ್ನು ಮಾಡಿದ ಆಚಾರಿಯ ಹೆಸರು ಯಾರಿಗಾದರೂ ಗೊತ್ತೆ? ಕೇರಿಯಿಂದ ಮಗುವಿನ ಟಿ.ಸಿ. ಕೇಳಲು ಬಂದ ತಾಯಿ ಎಲ್ಲಿ ನಿಲ್ಲುತ್ತಾಳೆ? ಶಾಲಾ ಸಮಿತಿಯ ಸಭೆಯಲ್ಲಿ ಯಾರು ತಾವಾಗಿಯೇ ನೆಲಕ್ಕೆ ಕೂರುತ್ತಾರೆ? ನೋಡಿದ್ದನ್ನು ಬರೆದು ಈ ಪತ್ರಿಕೆಗೆ ಕಳಿಸಿ. ಆ ತಾಯಿ ಬಂದಾಗ ಮಾತ್ರ ಬರೆಯುತ್ತ ಕೂರಬೇಡಿ. ಎದ್ದು ಒಂದು ಕುರ್ಚಿ ಎಳೆದು ಹಾಕಿ.