ಗಂಡು ಬೆಕ್ಕಿಗೆ ಉಚ್ಚೆ ಕಟ್ಟಿದಾಗ: ಕಾದು ನೋಡುವ ರೂಢಿಯ ವಿಮರ್ಶೆ

ಗಂಡು ಬೆಕ್ಕಿಗೆ ಮೂತ್ರ ಕಟ್ಟುವುದು ಎರಡು–ಮೂರು ದಿನಗಳಲ್ಲಿ ಪ್ರಾಣ ತೆಗೆಯುವ ತೊಂದರೆ. ತುಂಗೆಯ ದಂಡೆಯ ಗಾಜನೂರಿನಂಥ ಹಳ್ಳಿಗಳಲ್ಲೂ ಶಿವಮೊಗ್ಗ, ಭದ್ರಾವತಿಯಂಥ ಪೇಟೆಗಳಲ್ಲೂ ಇದಕ್ಕೆ ನಡೆಯುವ ಆರೈಕೆಯ ಕ್ರಮ ಹೆಚ್ಚುಕಡಿಮೆ ಒಂದೇ: ಮೊದಲು ಕಾಯುವುದು, ಆಮೇಲೆ ಮನೆಮದ್ದು, ಬೆಕ್ಕು ಏಳಲಾರದೆ ಮಲಗಿದ ಮೇಲೆ ವೈದ್ಯರು. ಈ ಕ್ರಮ ಎಷ್ಟು ಸರಿ ಎಂಬುದನ್ನು ರೋಗದ ಸ್ವಭಾವವೇ ತೀರ್ಮಾನಿಸುತ್ತದೆ.

ಹೆಣ್ಣು ಬೆಕ್ಕಿನ ಮೂತ್ರನಾಳ ಗಿಡ್ಡ, ಅಗಲ. ಗಂಡಿನದು ಉದ್ದ, ಶಿಶ್ನದ ಭಾಗದಲ್ಲಿ ಅದರ ಒಳವ್ಯಾಸ 1 ಮಿ.ಮೀ.ಗಿಂತಲೂ ಕಡಿಮೆ. ಲೋಳೆ, ಜೀವಕೋಶಗಳು, ಸ್ಟ್ರುವೈಟ್ ಹರಳು ಸೇರಿದ ಸಣ್ಣ ಬಿರಡೆ, ಒಂದು ಪುಟ್ಟ ಕಲ್ಲು ಅಥವಾ ನಾಳದ ಸೆಳೆತವಷ್ಟೇ ಸಾಕು, ದಾರಿ ಮುಚ್ಚಲು. ಎಳೆಯ ಮತ್ತು ನಡುವಯಸ್ಸಿನ ಬೆಕ್ಕುಗಳಲ್ಲಿ ಇದರ ಹಿಂದೆ ಸೋಂಕು ಇರುವುದು ಅಪರೂಪ. ಕಾರಣ ಸ್ಪಷ್ಟವಾಗದ ಮೂತ್ರಕೋಶದ ಉರಿಯೂತವೇ ಹೆಚ್ಚು. ಅದರಲ್ಲಿ ಮಾನಸಿಕ ಒತ್ತಡದ ಪಾತ್ರ ದೊಡ್ಡದೆಂದು ಅಮೆರಿಕದ ಪಶುವೈದ್ಯ ಟೋನಿ ಬಫಿಂಗ್ಟನ್ ಅವರ ಸಂಶೋಧನೆ ತೋರಿಸಿದೆ. ಔಷಧಿ ಅಂಗಡಿಯಿಂದ ತಂದ ಆ್ಯಂಟಿಬಯೋಟಿಕ್ ಗುಳಿಗೆ ಆದ್ದರಿಂದಲೇ ಮುಚ್ಚಿದ ದಾರಿಯನ್ನು ತೆರೆಯುವುದಿಲ್ಲ.

ಮೂತ್ರ ಹೊರಹೋಗದಿದ್ದರೆ ಒತ್ತಡ ಮೂತ್ರಪಿಂಡದವರೆಗೆ ಏರುತ್ತದೆ. ರಕ್ತದಲ್ಲಿ ಯೂರಿಯಾ, ಪೊಟ್ಯಾಸಿಯಂ ಹೆಚ್ಚುತ್ತವೆ. ಪೂರ್ತಿ ಕಟ್ಟಿದ 24ರಿಂದ 48 ಗಂಟೆಗಳಲ್ಲಿ ವಾಂತಿ, ನಿತ್ರಾಣ, ಮೈ ತಣ್ಣಗಾಗುವುದು ಕಾಣಿಸುತ್ತವೆ. ಪೊಟ್ಯಾಸಿಯಂ ಮಿತಿಮೀರಿದಾಗ ಹೃದಯದ ಬಡಿತ ನಿಧಾನವಾಗಿ ಕೊನೆಗೆ ನಿಲ್ಲುತ್ತದೆ.

ಕಾಯುವ ರೂಢಿಯ ಮೊದಲ ದೋಷ ಇಲ್ಲಿದೆ. ತೋಟದ ಮನೆಯ ಬೆಕ್ಕು ಹೊರಗೆಲ್ಲೋ ಉಚ್ಚೆ ಹೊಯ್ದು ಬರುವ ಪ್ರಾಣಿ. ನೋವಾದರೆ ಅಟ್ಟವನ್ನೋ ಕೊಟ್ಟಿಗೆಯ ಮೂಲೆಯನ್ನೋ ಸೇರುತ್ತದೆ. ಅದು ತಿಣುಕುವುದು ಮನೆಯವರ ಕಣ್ಣಿಗೆ ಬೀಳುವ ಹೊತ್ತಿಗೆ ಅರ್ಧ ದಿನವೋ ಒಂದು ದಿನವೋ ಕಳೆದಿರಬಹುದು. ‘ನಾಳೆ ನೋಡೋಣ’ ಎಂಬ ಮಾತು ಅದಾಗಲೇ ಕರಗಿದ ಅವಧಿಯನ್ನು ಇನ್ನಷ್ಟು ಕರಗಿಸುತ್ತದೆ. ತಿಣುಕುವುದನ್ನು ಮಲಬದ್ಧತೆ ಎಂದು ತಿಳಿದು ಹರಳೆಣ್ಣೆ ಕುಡಿಸುವುದೂ ಇಂಥದೇ ತಪ್ಪು.

ಮನೆಮದ್ದಿನ ಹಿಂದೆ ಪ್ರೀತಿಯಿದೆ, ಮನುಷ್ಯರ ಉರಿಮೂತ್ರಕ್ಕೆ ತಂಪು ಕೊಡುವ ಹಳೆಯ ತಿಳಿವಳಿಕೆಯೂ ಇದೆ. ಆದರೆ ದಾರಿ ಮುಚ್ಚಿದ ಬೆಕ್ಕಿಗೆ ಬಾರ್ಲಿ ನೀರು ಕುಡಿಸಿದರೆ ತುಂಬಿದ ಮೂತ್ರಕೋಶ ಇನ್ನಷ್ಟು ತುಂಬುತ್ತದೆ. ಎಳನೀರು, ಬಾಳೆದಿಂಡಿನ ರಸ ಎರಡರಲ್ಲೂ ಪೊಟ್ಯಾಸಿಯಂ ಧಾರಾಳವಾಗಿದೆ. ಬೆಕ್ಕನ್ನು ಕೊಲ್ಲುತ್ತಿರುವುದೂ ಅದೇ. ನೋವಿಗೆಂದು ಕೊಡುವ ಪ್ಯಾರಾಸಿಟಮಾಲ್ ಬೆಕ್ಕಿಗೆ ನೇರ ವಿಷ. ಹೊಟ್ಟೆ ಒತ್ತಿ ಉಚ್ಚೆ ಹೊರಡಿಸಲು ಹೋದರೆ ಮೂತ್ರಕೋಶ ಒಡೆಯಬಹುದು.

ವೈದ್ಯರ ಕೆಲಸ ಇದಕ್ಕಿಂತ ತೀರ ಬೇರೆ. ಅವರು ಹೃದಯದ ಬಡಿತ ನೋಡಿ, ಬೇಕಾದರೆ ಕ್ಯಾಲ್ಸಿಯಂ ಗ್ಲುಕೋನೇಟ್ ಕೊಡುತ್ತಾರೆ. ರಕ್ತನಾಳಕ್ಕೆ ಡ್ರಿಪ್ ಹಾಕುತ್ತಾರೆ. ಮತ್ತು ಬರಿಸಿ ತೆಳು ಕ್ಯಾತಿಟರ್‌ನಿಂದ ನಾಳವನ್ನು ತೊಳೆದು ತೆರೆಯುತ್ತಾರೆ. ಕ್ಯಾತಿಟರ್ ಸಾಮಾನ್ಯವಾಗಿ ಒಂದೆರಡು ದಿನ ಒಳಗೇ ಇರುತ್ತದೆ. ಮತ್ತೆ ಮತ್ತೆ ಕಟ್ಟುವ ಬೆಕ್ಕಿಗೆ ಶಸ್ತ್ರಚಿಕಿತ್ಸೆಯಿಂದ ಅಗಲವಾದ ಹೊಸ ದ್ವಾರ ಮಾಡಬಹುದು. ಖರ್ಚಿನ ಭಯಕ್ಕೂ ಉತ್ತರ ಹುಡುಕಿದವರಿದ್ದಾರೆ: ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದವರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕ್ಯಾತಿಟರ್ ಇಲ್ಲದೆ, ನೋವುನಿವಾರಕ, ಶಾಮಕ ಔಷಧ ಮತ್ತು ಸೂಜಿಯಿಂದ ಮೂತ್ರ ತೆಗೆಯುವ ವಿಧಾನದಲ್ಲಿ 15 ಬೆಕ್ಕುಗಳ ಪೈಕಿ 11 ಗುಣವಾದವು. ಆದರೆ ಅದೂ ವೈದ್ಯರ ಕೈಯಲ್ಲೇ ನಡೆಯಬೇಕಾದ ಚಿಕಿತ್ಸೆ.

ದೋಷ ಮನೆಯವರದ್ದು ಮಾತ್ರವಲ್ಲ. ಸರ್ಕಾರಿ ಪಶು ಆಸ್ಪತ್ರೆಗಳು ಬೆಳೆದದ್ದು ದನ, ಎಮ್ಮೆ, ಕುರಿಗಳನ್ನು ಆಧರಿಸಿ. 1962ಕ್ಕೆ ಕರೆದರೆ ಬರುವ ಸಂಚಾರಿ ಚಿಕಿತ್ಸಾ ವಾಹನದ ಮುಖ್ಯ ಉದ್ದೇಶವೂ ಜಾನುವಾರು ಸೇವೆಯೇ. ಆದರೂ ಗಾಜನೂರಿನವರು ಒಂದು ವಿಷಯದಲ್ಲಿ ಅದೃಷ್ಟವಂತರು: ತೀರ್ಥಹಳ್ಳಿ ರಸ್ತೆಯಲ್ಲಿ ಸ್ವಲ್ಪ ದೂರ ಬಂದರೆ ಶಿವಮೊಗ್ಗ, ಅಲ್ಲಿನ ವಿನೋಬನಗರದಲ್ಲಿ ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಪಶುವೈದ್ಯಕೀಯ ಕಾಲೇಜು ಇದೆ. ಹೊರಡುವ ಮೊದಲು ಫೋನ್ ಮಾಡಿ, ವೈದ್ಯರು ಇದ್ದಾರೆಯೇ, ಬೆಕ್ಕಿನ ಕ್ಯಾತಿಟರ್ ಇದೆಯೇ ಎಂದು ಕೇಳಿಕೊಂಡರೆ ಅಲೆದಾಟ ತಪ್ಪುತ್ತದೆ.

ನಾಳ ತೆರೆದ ಮೇಲಿನ ಆರೈಕೆಯಲ್ಲಿ ಮನೆಯವರ ಪಾಲೇ ದೊಡ್ಡದು. ಒಣ ಆಹಾರ ಕಡಿಮೆ ಮಾಡಿ ನೀರಿನಂಶದ ಊಟ ಕೊಡುವುದು, ಅಲ್ಲಲ್ಲಿ ಶುದ್ಧ ನೀರಿಡುವುದು, ಬೊಜ್ಜು ಬೆಳೆಯದಂತೆ ನೋಡುವುದು, ಗಲಾಟೆಯಿಲ್ಲದ ಮೂಲೆ ಒದಗಿಸುವುದು ಮರುಕಳಿಕೆಯನ್ನು ತಗ್ಗಿಸುತ್ತವೆ. ಮನೆಯ ಪ್ರೀತಿ ಮದ್ದಾಗಿ ಕೆಲಸ ಮಾಡುವುದು ಈ ಹಂತದಲ್ಲಿ.

ಒಟ್ಟಾರೆ ತೀರ್ಪು ಸ್ಪಷ್ಟ. ಬೇರೆ ಕೆಲವು ಕಾಯಿಲೆಗಳಲ್ಲಿ ಒಂದು ದಿನ ಕಾಯುವುದು ವಿವೇಕವಾಗಬಹುದು. ಇಲ್ಲಿ ಅದು ಪ್ರಾಣಕ್ಕೆ ಎರವು. ಗಂಡು ಬೆಕ್ಕು ಮತ್ತೆ ಮತ್ತೆ ಕುಕ್ಕರಿಸಿ ಕೂಗುತ್ತಿದ್ದರೆ, ಮೂತ್ರದ್ವಾರ ನೆಕ್ಕುತ್ತಲೇ ಇದ್ದರೆ, ಹನಿ ರಕ್ತವಷ್ಟೇ ಬಿದ್ದು ಉಚ್ಚೆ ಬಾರದಿದ್ದರೆ, ಬಟ್ಟೆ ಹಾಸಿದ ಬುಟ್ಟಿಯಲ್ಲಿ ಅದನ್ನು ಕೂರಿಸಿಕೊಂಡು ಅಂದೇ, ಆ ಗಂಟೆಯಲ್ಲೇ ವೈದ್ಯರ ಬಳಿಗೆ ಹೊರಡಬೇಕು.