ಚೆಕ್ಕುಬಂದಿಯಿಲ್ಲದ ಠರಾವು

ಸಂಯುಕ್ತ ರಾಷ್ಟ್ರಸಂಘದ ಭದ್ರತಾ ಮಂಡಲಿಯು ೧೯೬೭ನೆಯ ನವೆಂಬರ್ ೨೨ರಂದು ಸರ್ವಾನುಮತದಿಂದ ಅಂಗೀಕರಿಸಿದ ೨೪೨ನೆಯ ಠರಾವು ಇಸ್ರೇಲ್-ಪ್ಯಾಲೆಸ್ಟೈನ್ ವಿವಾದದಲ್ಲಿ ವೇದವಾಕ್ಯದಂತೆ ಉದ್ಧೃತವಾಗುತ್ತ ಬಂದಿದೆ. ವೇದವಾಕ್ಯಕ್ಕೆ ಭಾಷ್ಯಕಾರರು ಹಲವರಿರುವಂತೆ ಇದಕ್ಕೂ ಉಂಟು. ಆದರೆ ಇಲ್ಲಿ ಭಾಷ್ಯಭೇದಕ್ಕೆ ಎಡೆಯಿತ್ತವರು ಮೂಲಕರ್ತರೇ, ಅದೂ ಬುದ್ಧಿಪೂರ್ವಕವಾಗಿ. ಕಾವ್ಯವನ್ನು ಓದುವಷ್ಟು ಎಚ್ಚರದಿಂದ ಇದನ್ನು ಓದಿದಲ್ಲದೆ, ಆ ನೆಲದಲ್ಲಿ ಸರ್ಕಾರಗಳು ನಡೆಯಿಸಿದ ನೀತಿಯ ಮರ್ಮ ತಿಳಿಯದು.

೧೯೬೭ರ ಜೂನ್ ತಿಂಗಳ ಆರು ದಿನಗಳ ಯುದ್ಧದಲ್ಲಿ ಇಸ್ರೇಲು ಸಿನಾಯಿ, ಗಾಜಾ, ಪೂರ್ವ ಜೆರೂಸಲೇಮ್ ಸಹಿತವಾದ ಪಶ್ಚಿಮ ದಂಡೆ, ಗೋಲಾನ್ ಎತ್ತರಪ್ರದೇಶ ಇವಿಷ್ಟನ್ನು ವಶಪಡಿಸಿಕೊಂಡಿತು. ಯುದ್ಧದಿಂದ ಭೂಮಿಯನ್ನು ಗಳಿಸುವುದು ಸಲ್ಲದೆಂದು ಠರಾವಿನ ಪೀಠಿಕೆ ಸಾರುತ್ತದೆ. ಅದರ ಬೆನ್ನಿಗೇ, ಇತ್ತೀಚಿನ ಸಂಘರ್ಷದಲ್ಲಿ ಆಕ್ರಮಿಸಿದ 'ಪ್ರದೇಶಗಳಿಂದ' ಇಸ್ರೇಲಿನ ಸೈನ್ಯ ಹಿಂದೆ ಸರಿಯಬೇಕೆಂಬ ಮಾತು ಬರುತ್ತದೆ. ಇಂಗ್ಲಿಷ್ ಪಾಠದಲ್ಲಿ ಈ 'ಪ್ರದೇಶಗಳ' ಹಿಂದೆ 'ದಿ' ಎಂಬ ನಿರ್ದೇಶಕ ಪದವಿಲ್ಲ. ಫ್ರೆಂಚ್ ಪಾಠದಲ್ಲಿ ಅದಕ್ಕೆ ಸಮನಾದುದು ಇದೆ. ಕೆಲವು ಪ್ರದೇಶಗಳನ್ನು ಬಿಟ್ಟುಕೊಟ್ಟರೆ ಸಾಕೆಂದು ಇಸ್ರೇಲಿನ ಪಕ್ಷ. ಎಲ್ಲವನ್ನೂ ಬಿಡತಕ್ಕದ್ದೆಂದು ಅರಬರ ಪಕ್ಷ.

ನಿರ್ದೇಶಕ ಪದವೇ ಇಲ್ಲದ ಕನ್ನಡದಲ್ಲಿ ಈ ವ್ಯತ್ಯಾಸ ಉಳಿಯುವುದಿಲ್ಲವೆಂಬುದು ಗಮನಾರ್ಹ. 'ಪಡೆದ ಹಣವನ್ನು ಹಿಂದಿರುಗಿಸತಕ್ಕದ್ದು' ಎಂದು ಬರೆದುಕೊಟ್ಟ ಸಾಲಗಾರನು, ಅದರಲ್ಲೊಂದು ಅಂಶ ಸಾಕೆಂದು ನಮ್ಮ ಭಾಷೆಯಲ್ಲಿ ವಾದಿಸಲಾರ. ಭಾರತ, ಮಾಲಿ, ನೈಜೀರಿಯಗಳು ಅದೇ ತಿಂಗಳು ಮಂಡಿಸಿದ್ದ ಕರಡಿನಲ್ಲಿ 'ಎಲ್ಲ' ಎಂಬ ಪದವೇ ಇದ್ದಿತು. ಆ ಕರಡು ಮತಕ್ಕೆ ಬರಲಿಲ್ಲ. ಬ್ರಿಟನ್ನಿನ ಪ್ರತಿನಿಧಿ ಲಾರ್ಡ್ ಕ್ಯಾರಡನ್ ಮಂಡಿಸಿದ ಪಾಠ ಗೆದ್ದಿತು. ಹದಿನೈದು ಮತಗಳೂ ಒಂದೆಡೆ ಕೂಡಿದುದಕ್ಕೆ ತೆತ್ತ ಬೆಲೆಯೇ ಆ ಪದಲೋಪ. ಚೆಕ್ಕುಬಂದಿ ಬರೆಯದ ಕ್ರಯಪತ್ರಕ್ಕೆ ಎರಡು ಪಕ್ಷದವರೂ ನಗುನಗುತ್ತ ರುಜು ಹಾಕುವುದುಂಟು; ವ್ಯಾಜ್ಯ ಬರುವುದು ಬೇಲಿ ಹಾಕುವಾಗ.

ಬೇಲಿಯ ಕೆಲಸವಾದರೋ ಠರಾವಿಗಿಂತ ಮುಂಚೆಯೇ ಮೊದಲಾಗಿತ್ತು. ಲೆವಿ ಎಷ್ಕೋಲರ ಸಂಪುಟವು ಜೂನ್ ೧೯ರಂದು, ಶಾಂತಿಗೆ ಪ್ರತಿಯಾಗಿ ಸಿನಾಯಿ ಮತ್ತು ಗೋಲಾನುಗಳನ್ನು ಹಿಂದಿರುಗಿಸಬಹುದೆಂದು ಗುಪ್ತವಾಗಿ ನಿರ್ಣಯಿಸಿತು. ಪಶ್ಚಿಮ ದಂಡೆಯ ಮಾತನ್ನು ಮಾತ್ರ ಮುಂದಕ್ಕೆ ಹಾಕಿತು. ಆಕ್ರಮಿತ ನೆಲದಲ್ಲಿ ಪೌರರನ್ನು ನೆಲೆಗೊಳಿಸುವುದು ನಾಲ್ಕನೆಯ ಜಿನೀವಾ ಒಪ್ಪಂದಕ್ಕೆ ವಿರುದ್ಧವೆಂದು ವಿದೇಶಾಂಗ ಖಾತೆಯ ಕಾನೂನು ಸಲಹೆಗಾರ ಥಿಯೊಡರ್ ಮೆರಾನ್ ಸೆಪ್ಟೆಂಬರಿನಲ್ಲಿ ಸ್ಪಷ್ಟವಾಗಿ ಬರೆದುಕೊಟ್ಟರು. ಅದೇ ತಿಂಗಳು ಕ್ಫಾರ್ ಎಟ್ಸಿಯೋನಿನಲ್ಲಿ ವಸಾಹತು ಏರ್ಪಟ್ಟಿತು. ಅನಿಶ್ಚಯವು ಇಲ್ಲಿ ದೌರ್ಬಲ್ಯವಲ್ಲ, ನೀತಿಯೇ ಹೌದು. ಗಡಿ ಇಂತಹುದೆಂದು ಹೇಳಿದೊಡನೆ ಒಡೆಯಬಹುದಾದ ಸಮ್ಮಿಶ್ರ ಸಂಪುಟಗಳಿಗೆ ಹೇಳದಿರುವುದೇ ಕ್ಷೇಮ; ಸ್ವಾಧೀನದಲ್ಲಿರುವವನ ಪರವಾಗಿ ಕಾಲವೇ ವಕಾಲತ್ತು ವಹಿಸುತ್ತದೆ. ೨೦೦೫ರಲ್ಲಿ ಏರಿಯಲ್ ಶರೋನರು ಗಾಜಾದ ೨೧ ವಸಾಹತುಗಳನ್ನು ತೆರವು ಮಾಡಿಸಿದುದನ್ನು ಹಲವರು ಮಹಾತ್ಯಾಗವೆಂದು ಕೊಂಡಾಡಿದರು. ರಾಜಕೀಯ ಮಾತುಕತೆಗಳನ್ನು ಹೆಪ್ಪುಗಟ್ಟಿಸುವುದೇ ಆ ಯೋಜನೆಯ ಅರ್ಥವೆಂದು ಅವರ ಆಪ್ತ ಸಲಹೆಗಾರ ಡೋವ್ ವೈಸ್‌ಗ್ಲಾಸ್ ಹಿಂದಿನ ವರ್ಷವೇ 'ಹಾರೆಟ್ಸ್' ಪತ್ರಿಕೆಗೆ ತಿಳಿಸಿದ್ದರು! ಸರ್ಕಾರದ ಉದ್ದೇಶ ಇಷ್ಟು ನೇರವಾಗಿ ಅಚ್ಚಾಗುವುದು ವಿರಳ.

ಅರಬ ಸರ್ಕಾರಗಳೂ ಈ ವಿಷಯದಲ್ಲಿ ನಿರ್ದೋಷಿಗಳಲ್ಲ. ಸಂಧಾನವಿಲ್ಲ, ಮಾನ್ಯತೆಯಿಲ್ಲ, ಶಾಂತಿಯಿಲ್ಲ ಎಂಬ ಖಾರ್ಟೂಮ್ ಸಮ್ಮೇಲನದ ಘೋಷಣೆಯಿಂದ ಎಷ್ಕೋಲರ ಸಂಪುಟಕ್ಕೆ ಕಾಯುವ ನೆಪ ಲಭಿಸಿತು. ಈಜಿಪ್ಟಿನ ಕಣ್ಣು ಸಿನಾಯಿಯ ಮೇಲೆ. ಜೋರ್ಡಾನಿನ ಕಣ್ಣು ತಾನು ೧೯೫೦ರಲ್ಲಿ ಸೇರಿಸಿಕೊಂಡಿದ್ದ ಪಶ್ಚಿಮ ದಂಡೆಯ ಮೇಲೆ. ಆ ನೆಲದ ಜನರ ಹೆಸರು ಯಾರಿಗೂ ಬೇಕಾಗಿರಲಿಲ್ಲವೆಂದು ತೋರುತ್ತದೆ. ೨೪೨ನೆಯ ಠರಾವನ್ನು ಆದ್ಯಂತ ಓದಿದರೂ 'ಪ್ಯಾಲೆಸ್ಟೈನೀಯ' ಎಂಬ ಶಬ್ದ ಸಿಕ್ಕದು; ಸಿಕ್ಕುವುದು 'ನಿರಾಶ್ರಿತರ ಸಮಸ್ಯೆ'. ಪ್ಯಾಲೆಸ್ಟೈನ್ ವಿಮೋಚನಾ ಸಂಘಟನೆ ೧೯೮೮ರವರೆಗೆ ಅದನ್ನು ಒಪ್ಪದಿದ್ದುದಕ್ಕೆ ಇದೇ ಮುಖ್ಯ ಕಾರಣ. ತಮ್ಮನ್ನು ವಾರಸುದಾರರೆಂದು ಹೆಸರಿಸದ ಪತ್ರಕ್ಕೆ ವಾರಸುದಾರರು ರುಜು ಹಾಕುವುದೆಂತು?

ಠರಾವಿಗೆ ವಾಯಿದೆಯೂ ಇರಲಿಲ್ಲ. ವಾಯಿದೆಯನ್ನು ಗೊತ್ತುಪಡಿಸಲು ೫೭ ವರ್ಷಗಳು ಹಿಡಿದವು. ಆಕ್ರಮಣ ಕಾನೂನುಬಾಹಿರವೆಂದು ಅಂತರರಾಷ್ಟ್ರೀಯ ನ್ಯಾಯಾಲಯವು ೨೦೨೪ರ ಜುಲೈ ೧೯ರಂದು ಅಭಿಪ್ರಾಯವಿತ್ತ ತರುವಾಯ, ಸೆಪ್ಟೆಂಬರ್ ೧೮ರಂದು ಮಹಾಸಭೆಯು ೧೨ ತಿಂಗಳೊಳಗೆ ಅದು ಕೊನೆಗೊಳ್ಳಬೇಕೆಂದು ಕೇಳಿತು. ಪರ ೧೨೪, ವಿರುದ್ಧ ೧೪, ತಟಸ್ಥ ೪೩. ಆ ೪೩ರಲ್ಲಿ ಭಾರತವೂ ಒಂದು. ೧೯೬೭ರಲ್ಲಿ ಮತದಾನಕ್ಕೆ ಮುನ್ನ ಎದ್ದುನಿಂತು, ಈ ಠರಾವಿನ ಅರ್ಥ ಸಂಪೂರ್ಣ ಹಿಂದೆಗೆತವೆಂದೇ ತಮ್ಮ ತಿಳಿವಳಿಕೆಯೆಂದು ದಾಖಲೆ ಮಾಡಿಸಿದವರು ಭಾರತದ ಪ್ರತಿನಿಧಿ ಜಿ. ಪಾರ್ಥಸಾರಥಿಯವರೇ. ಇಸ್ರೇಲಿನೊಡನೆ ೧೯೯೨ರಲ್ಲಿ ಪೂರ್ಣ ರಾಯಭಾರ ಸಂಬಂಧ ಏರ್ಪಟ್ಟ ಮೇಲೆ ದೆಹಲಿಯ ಲೆಕ್ಕಾಚಾರ ಬದಲಾದುದು ಅಚ್ಚರಿಯಲ್ಲ. ಆದರೂ ಆ 'ಎಲ್ಲ' ಎಂಬ ಪದ ಒಮ್ಮೆ ಭಾರತದ್ದಾಗಿತ್ತು. ಹನ್ನೆರಡು ತಿಂಗಳ ವಾಯಿದೆ ೨೦೨೫ರ ಸೆಪ್ಟೆಂಬರಿನಲ್ಲಿ ಸಂದುಹೋದಾಗ ಪಶ್ಚಿಮ ದಂಡೆಯಲ್ಲಿ ಸೈನ್ಯವೂ ವಸಾಹತುಗಳೂ ಇದ್ದಂತೆಯೇ ಇದ್ದವು.