ಕೇಳುವುದು ಸ್ಪೀಕರಿನಲ್ಲಿ, ಹುಟ್ಟುವುದು ಬ್ಯಾಟರಿ ದಾರಿಯಲ್ಲಿ

2015ರ ನವೆಂಬರಿನಲ್ಲಿ ಬ್ರಿಟನ್ನಿನ ‘ದ ಮ್ಯಾಗ್‌ಪೈ’ ಪತ್ರಿಕೆಯ 40ನೇ ಸಂಚಿಕೆ ಕೊಂಡವರಿಗೆ ಮುಖಪುಟದ ಮೇಲೇ ಒಂದು ಕಂಪ್ಯೂಟರ್ ಅಂಟಿಕೊಂಡು ಬಂದಿತ್ತು. ಹೆಸರು ರಾಸ್‌ಬೆರಿ ಪೈ ಝೀರೊ. ಬಿಡಿಯಾಗಿ ಕೊಂಡರೆ ಆಗ ಬೆಲೆ ಐದು ಡಾಲರ್. ಉದ್ದ 65 ಮಿಲಿಮೀಟರ್, ಅಗಲ 30. ನಿಂಟೆಂಡೊ 1989ರಲ್ಲಿ ತಂದ ಗೇಮ್ ಬಾಯ್‌ನ ಖಾಲಿ ಕವಚದೊಳಗೆ ಇದು ಸಲೀಸಾಗಿ ಕೂರುತ್ತದೆ. ಹಳೆಯ ಆಟಗಳನ್ನು ಆಡಿಸುವ ಕೈಯಳತೆಯ ಕನ್ಸೋಲನ್ನು ಮನೆಯಲ್ಲೇ ಕಟ್ಟುವ ಹವ್ಯಾಸಿಗಳಿಗೆ ಹೇಳಿ ಮಾಡಿಸಿದಂತಿತ್ತು ಈ ಹಲಗೆ. ಆದರೆ ಬೆಲೆಯನ್ನೂ ಗಾತ್ರವನ್ನೂ ಇಳಿಸಲು ಕೈಬಿಟ್ಟ ಭಾಗಗಳಲ್ಲಿ ಹೆಡ್‌ಫೋನ್ ಜಾಕ್ ಕೂಡ ಒಂದು. ಜಾಕಿನೊಂದಿಗೆ ಅದರ ಹಿಂದಿರಬೇಕಾದ ಧ್ವನಿ ಸರ್ಕಿಟ್ಟೂ ಹೋಯಿತು.

ಈ ಹವ್ಯಾಸ ಪೈಗಿಂತ ಹಳೆಯದು. ಅಮೆರಿಕದ ಬೆನ್ ಹೆಕೆಂಡಾರ್ನ್ 2000ದಲ್ಲೇ ಅಟಾರಿ 2600 ಕನ್ಸೋಲನ್ನು ಕೈಯಲ್ಲಿ ಹಿಡಿದು ಆಡುವಂತೆ ಕಟ್ಟಿದ್ದರು. 2005ರಲ್ಲಿ ಅದರ ಬಗೆಗೆ ಪುಸ್ತಕವನ್ನೂ ಬರೆದರು. ಅಟಾರಿಯಲ್ಲಿ ಚಿತ್ರವನ್ನೂ ಧ್ವನಿಯನ್ನೂ ಹುಟ್ಟಿಸುವ ಚಿಪ್ ಮೊದಲೇ ಇತ್ತು; ಕಟ್ಟುವವನ ಕೆಲಸ ಅದನ್ನು ಸ್ಪೀಕರಿನವರೆಗೆ ತರುವುದಷ್ಟೇ. ಪೈ ಝೀರೊ ಕೈಗೆತ್ತಿಕೊಂಡವರು ಧ್ವನಿಯ ದಾರಿಯನ್ನು ಮೊದಲಿನಿಂದ ತಾವೇ ಹಾಕಬೇಕು.

ಆ ದಾರಿ ಹೀಗೆ ಸಾಗುತ್ತದೆ. 18 ಮತ್ತು 19, ಇಲ್ಲವೇ 12 ಮತ್ತು 13ನೇ ಜಿಪಿಐಒ ಪಿನ್ನುಗಳು ಅತಿ ವೇಗವಾಗಿ ಆನ್-ಆಫ್ ಆಗುತ್ತ, ಮಿಡಿತಗಳ ಅಗಲ ಬದಲಿಸಿ ಧ್ವನಿಯ ಏರಿಳಿತವನ್ನು ತಿಳಿಸುತ್ತವೆ. ಇದಕ್ಕೆ ಪಿಡಬ್ಲ್ಯೂಎಂ ಎನ್ನುತ್ತಾರೆ. ಒಂದೆರಡು ರೆಸಿಸ್ಟರು, ಒಂದು ಕೆಪಾಸಿಟರು ಸೇರಿ ಆ ಮಿಡಿತವನ್ನು ಸೋಸಿ ನಯವಾದ ಅಲೆಯಾಗಿಸುತ್ತವೆ. ಮುಂದೆ ವಾಲ್ಯೂಮ್ ಕಂಟ್ರೋಲ್, ಪುಟ್ಟ ಆಂಪ್ಲಿಫೈಯರ್, ಕೊನೆಗೆ 8 ಓಮ್‌ನ ಸ್ಪೀಕರ್. ಕಾಗದದ ಮೇಲೆ ಇಷ್ಟೇ. ಕವಚ ಮುಚ್ಚಿ ಆನ್ ಮಾಡಿದಾಗ ಆಟದ ಸಂಗೀತದ ಜೊತೆಗೆ ಒಂದು ಗೊರಗೊರ, ಅದರ ಮೇಲೆ ಸಣ್ಣ ಸೀಟಿ. ಪರದೆಯಲ್ಲಿ ಚಿತ್ರ ಸರಿದಂತೆಲ್ಲ ಅದೂ ದನಿ ಬದಲಿಸುತ್ತದೆ.

ಹವ್ಯಾಸಿ ವಲಯದಲ್ಲಿ ಇದಕ್ಕೆ ಚಾಲ್ತಿಯಲ್ಲಿರುವ ಚಿಕಿತ್ಸೆಯನ್ನು ನಿಷ್ಠುರವಾಗಿಯೇ ಪರಿಶೀಲಿಸಬೇಕು. ಮೊದಲು ಆಂಪಿನ ಬಾಯಿಗೆ ದೊಡ್ಡ ಕೆಪಾಸಿಟರ್. ಹೋಗಲಿಲ್ಲವೆ, ಇನ್ನೊಂದು. ಆಮೇಲೆ ಆಡಿಯೊ ವೈರಿಗೆ ತಾಮ್ರದ ಪಟ್ಟಿ ಸುತ್ತುವುದು. ಅದಕ್ಕೂ ಬಗ್ಗದಿದ್ದರೆ ಆಂಪೇ ಕೆಟ್ಟದ್ದೆಂದು ತೀರ್ಮಾನಿಸಿ ಹೊಸದು ತರುವುದು. ಈ ಇಡೀ ಕ್ರಮ ಒಂದು ತಪ್ಪು ಊಹೆಯ ಮೇಲೆ ನಿಂತಿದೆ: ಸದ್ದು ಸ್ಪೀಕರಿನಲ್ಲಿ ಕೇಳುತ್ತದೆ, ಆದ್ದರಿಂದ ದೋಷ ಆಡಿಯೊ ವೈರಿನಲ್ಲಿದೆ ಎಂಬುದು. ಬಹುಪಾಲು ಸಂದರ್ಭಗಳಲ್ಲಿ ದೋಷ ಇರುವುದು ವಿದ್ಯುತ್ತಿನ ದಾರಿಯಲ್ಲಿ.

ಸಾಕ್ಷಿ ಪೈ ಕುಟುಂಬದಲ್ಲೇ ಇದೆ. ಮೊದಲ ಪೈಗಳ ಹೆಡ್‌ಫೋನ್ ಧ್ವನಿಯ ಬಗ್ಗೆ ದೂರುಗಳಿದ್ದವು. 2014ರ ಜುಲೈಯಲ್ಲಿ ಬಿ ಪ್ಲಸ್ ಮಾದರಿ ಬಂದಾಗ ಧ್ವನಿ ಸುಧಾರಿಸಿತ್ತು. ಧ್ವನಿ ಹುಟ್ಟಿಸುವ ವಿಧಾನ ಅದೇ ಪಿಡಬ್ಲ್ಯೂಎಂ. ಬದಲಾದದ್ದು ಆಡಿಯೊ ಸರ್ಕಿಟ್ಟಿಗೆ ಪ್ರತ್ಯೇಕವಾಗಿ ಕೊಟ್ಟ, ಗದ್ದಲ ಕಡಿಮೆಯ ವಿದ್ಯುತ್ ಪೂರೈಕೆ. ಝೀರೊದಲ್ಲಿ ಆ ಏರ್ಪಾಟಿಲ್ಲ. ಅದರ ಪಿನ್ನುಗಳಿಂದ ಹೊರಡುವ ಮಿಡಿತದ ಎತ್ತರ 3.3 ವೋಲ್ಟಿನ ಸಾಮಾನ್ಯ ಸಾಲನ್ನೇ ಅವಲಂಬಿಸಿದೆ. ಪ್ರೊಸೆಸರು ದುಡಿದಾಗ ಆ ಸಾಲು ಅಲುಗಿದರೆ ಅಲುಗಾಟವೂ ಸಂಗೀತದೊಳಗೆ ಬೆರೆಯುತ್ತದೆ.

ಇನ್ನು ಕರೆಂಟು ಬ್ಯಾಟರಿಗೆ ಮರಳುವ ದಾರಿಯಾದ ಗ್ರೌಂಡ್ ವೈರು. ಅದರ ಲೆಕ್ಕವನ್ನು ಯಾರು ಬೇಕಾದರೂ ಮಾಡಿ ನೋಡಬಹುದು. ಕನ್ಸೋಲಿನೊಳಗೆ ಜಾಗ ಕಡಿಮೆಯೆಂದು ಬಹಳ ಜನ ಬಳಸುವ 30 ಗೇಜಿನ ವೈರು ಮೀಟರಿಗೆ ಸುಮಾರು 0.34 ಓಮ್ ತಡೆಯೊಡ್ಡುತ್ತದೆ. ಹದಿನೈದು ಸೆಂಟಿಮೀಟರ್ ತುಂಡಿನಲ್ಲಿ ಅದು 0.05 ಓಮ್. ಪರದೆಯ ಬ್ಯಾಕ್‌ಲೈಟು, ಪೈ, ಆಂಪು ಮೂರೂ ಈ ಒಂದೇ ತುಂಡಿನ ಮೂಲಕ ಬ್ಯಾಟರಿಗೆ ಮರಳುತ್ತಿವೆ ಎಂದುಕೊಳ್ಳಿ. ಕರೆಂಟು 200 ಮಿಲಿಆಂಪಿಯರಿನಷ್ಟು ಏರಿಳಿದರೆ ಆ ವೈರಿನ ಎರಡು ತುದಿಗಳ ನಡುವೆ 10 ಮಿಲಿವೋಲ್ಟ್ ಕುಣಿಯುತ್ತದೆ. ಕೇಳಲು ಅಲ್ಪ. ಆದರೆ ಹಳೆಯ, ನಂಬಿಕಸ್ಥ ಎಲ್‌ಎಂ386 ಆಂಪ್ ಚಿಪ್ಪಿನ ಕನಿಷ್ಠ ವರ್ಧನೆಯೇ 20 ಪಟ್ಟು. ಆ ಕುಣಿತ ಅದರ ಬಾಯಿಗೆ ಬಿದ್ದರೆ ಸ್ಪೀಕರಿನ ಮೇಲೆ 0.2 ವೋಲ್ಟ್ ಆಗುತ್ತದೆ. ಮುಖದಿಂದ ಒಂದಡಿ ದೂರದಲ್ಲಿ ಹಿಡಿದು ಆಡುವ ಆಟಿಕೆಯಲ್ಲಿ ಅದು ಚೆನ್ನಾಗಿ ಕೇಳಿಸುತ್ತದೆ. ಇದನ್ನು ಆಡಿಯೊ ವೈರಿಗೆ ಸುತ್ತಿದ ತಾಮ್ರದ ಪಟ್ಟಿ ತಡೆಯುವುದು ಹೇಗೆ?

ಕಾರ್ಖಾನೆಯಲ್ಲಿ ತಯಾರಾದ ಯಂತ್ರಕ್ಕೂ ಈ ತೊಂದರೆ ಬಿಟ್ಟದ್ದಲ್ಲ. ಮೂಲ ಗೇಮ್ ಬಾಯ್‌ ಅನ್ನೇ ವಾದ್ಯವಾಗಿಸಿಕೊಂಡ ಸಂಗೀತಗಾರರಿದ್ದಾರೆ. 2000ದ ಹೊತ್ತಿಗೆ ಬಂದ ಲಿಟಲ್ ಸೌಂಡ್ ಡಿಜೆ ಎಂಬ ತಂತ್ರಾಂಶ ಅವರ ಮುಖ್ಯ ಸಲಕರಣೆ. ವೇದಿಕೆಗೆ ಹೋಗುವ ಮುನ್ನ ಅವರಲ್ಲಿ ಅನೇಕರು ಒಂದು ತಿದ್ದುಪಡಿ ಮಾಡಿಕೊಳ್ಳುತ್ತಾರೆ. ಹೆಡ್‌ಫೋನ್ ಆಂಪಿನ ನಂತರ ಅಲ್ಲ, ಅದಕ್ಕೂ ಮೊದಲೇ, ವಾಲ್ಯೂಮ್ ಕಂಟ್ರೋಲಿನ ಕಾಲುಗಳಿಂದಲೇ ಧ್ವನಿಯನ್ನು ಹೊರತೆಗೆಯುತ್ತಾರೆ. ಹಾಗೆ ಮಾಡಿದರೂ, ಕತ್ತಲ ವೇದಿಕೆಗೆಂದು ಪರದೆಗೆ ಬ್ಯಾಕ್‌ಲೈಟ್ ಹಾಕಿಸಿದ ಕೂಡಲೇ ಸೀಟಿ ಮರಳಿ ಬರುವುದುಂಟು.

ಹಾಗಾದರೆ ದೋಷ ಹುಡುಕುವುದು ಹೇಗೆ? ಇದಕ್ಕೆ ಒಳ್ಳೆಯ ಮಾದರಿ ನಮ್ಮ ಊರುಗಳ ರೇಡಿಯೊ ರಿಪೇರಿ ಅಂಗಡಿಗಳಲ್ಲಿತ್ತು. ಮೂಕವಾದ ಟ್ರಾನ್ಸಿಸ್ಟರ್ ರೇಡಿಯೊ ಬಂದರೆ ಮೆಕ್ಯಾನಿಕ್ ಮೊದಲು ಸ್ಕ್ರೂಡ್ರೈವರಿನ ತುದಿಯನ್ನು ವಾಲ್ಯೂಮ್ ಕಂಟ್ರೋಲಿನ ನಡುಗಾಲಿಗೆ ಮುಟ್ಟಿಸುತ್ತಿದ್ದರು. ಸ್ಪೀಕರಿನಲ್ಲಿ ಗುಂಯ್ ಎಂದರೆ, ಕನಿಷ್ಠ ಟಪ್ ಎಂದರೆ, ಅಲ್ಲಿಂದ ಸ್ಪೀಕರಿನವರೆಗಿನ ಅರ್ಧ ಸರಿಯಿದೆ, ಇನ್ನರ್ಧವನ್ನು ನೋಡಬೇಕು. ಒಂದೇ ಮುಟ್ಟಿಗೆ ಅರ್ಧ ಕೆಲಸ ಮುಗಿಯುತ್ತಿತ್ತು. ಭಾಗ ಬದಲಿಸುತ್ತ ಹೋಗುವ ಇಂದಿನ ರೂಢಿಗಿಂತ ಈ ಪದ್ಧತಿ ಎಷ್ಟೋ ಮೇಲು, ಮತ್ತು ಪೈ ಝೀರೊಗೂ ಹಾಗೆಯೇ ಒಗ್ಗುತ್ತದೆ. ವಾಲ್ಯೂಮನ್ನು ಪೂರ್ತಿ ತಗ್ಗಿಸಿ ಕೇಳಿ. ಗೊರಗೊರ ನಿಂತರೆ ಅದು ಪೈ ಕಡೆಯಿಂದ ಬರುತ್ತಿದೆ. ನಿಲ್ಲದಿದ್ದರೆ ಆಂಪಿನ ವಿದ್ಯುತ್ತನ್ನೂ ಗ್ರೌಂಡನ್ನೂ ನೋಡಬೇಕು. ಬ್ಯಾಕ್‌ಲೈಟಿನ ಬೆಳಕು ಕುಗ್ಗಿಸಿದಾಗ ಸೀಟಿಯ ದನಿ ಬದಲಾದರೆ ಕಳ್ಳ ಪರದೆಯಲ್ಲಿದ್ದಾನೆ. ಆಂಪಿಗೆ ಮಾತ್ರ ಬೇರೊಂದು ಬ್ಯಾಟರಿ ಕೊಟ್ಟು ನೋಡಿ. ಆಗ ಎಲ್ಲವೂ ಶಾಂತವಾದರೆ 3.7 ವೋಲ್ಟಿನ ಲಿಥಿಯಂ ಬ್ಯಾಟರಿಯನ್ನು 5 ವೋಲ್ಟಿಗೆ ಏರಿಸುವ ಹಲಗೆಯನ್ನೋ, ಹಂಚಿಕೊಂಡ ಗ್ರೌಂಡನ್ನೋ ಶಂಕಿಸಬೇಕು. ಆಟದ ಧ್ವನಿ ಶುರುವಾಗುವಾಗ, ನಿಲ್ಲುವಾಗ ಮಾತ್ರ ಟಪ್ ಎಂದರೆ ಅದು ಪಿಡಬ್ಲ್ಯೂಎಂ ತೆರೆದು ಮುಚ್ಚುವ ಸದ್ದು. ವೈರಿಂಗನ್ನು ಬೈಯುವುದು ಬೇಡ.

ಸದ್ದೇ ಇಲ್ಲದಿದ್ದರೆ ಬೆಸುಗೆ ಕಡ್ಡಿ ಬಿಸಿ ಮಾಡುವ ಮೊದಲು ತಂತ್ರಾಂಶ ನೋಡಬೇಕು. ಧ್ವನಿಯನ್ನು ಪಿನ್ನುಗಳಿಗೆ ಹರಿಸುವ ಸಾಲನ್ನು ಸಂರಚನಾ ಕಡತದಲ್ಲಿ ಬರೆಯದಿದ್ದರೆ ಪಿನ್ನುಗಳು ಮೂಕವೇ. ಧ್ವನಿ ಎಚ್‌ಡಿಎಂಐ ಕಡೆಗೆ ಹೋಗುತ್ತಿರಲೂಬಹುದು.

ಒಂದು ತಪ್ಪನ್ನು ಬೇರೆಯಾಗಿಯೇ ಹೇಳಬೇಕು, ಏಕೆಂದರೆ ಅದು ಪದೇ ಪದೇ ನಡೆಯುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಪಿಎಎಂ8403 ಚಿಪ್ಪಿನ ಪುಟ್ಟ ಆಂಪ್ ಹಲಗೆ ಸುಲಭವಾಗಿ ಸಿಗುತ್ತದೆ. 5 ವೋಲ್ಟಿನಲ್ಲಿ, 4 ಓಮ್ ಸ್ಪೀಕರಿಗೆ ಚಾನೆಲಿಗೆ 3 ವ್ಯಾಟ್‌ವರೆಗೆ ಕೊಡಬಲ್ಲ ಗಟ್ಟಿ ಚಿಪ್. ಅದರ ಸ್ಪೀಕರ್ ಮೈನಸ್ ಮಾತ್ರ ಗ್ರೌಂಡ್ ಅಲ್ಲ. ಪ್ಲಸ್, ಮೈನಸ್ ಎರಡನ್ನೂ ಚಿಪ್ಪೇ ಎದುರುಬದುರಾಗಿ ಓಡಿಸುತ್ತದೆ. ಹೆಡ್‌ಫೋನ್ ಜಾಕಿನಲ್ಲಾದರೆ ಎಡ ಬಲ ಎರಡಕ್ಕೂ ಗ್ರೌಂಡ್ ಒಂದೇ. ಈ ಆಂಪನ್ನು ಹಾಗೇ ಜಾಕಿಗೆ ಬೆಸೆದರೆ ಎರಡು ಚಾನೆಲುಗಳ ಮೈನಸ್ ಪರಸ್ಪರ ತಾಗಿ ಶಾರ್ಟ್ ಆಗುತ್ತದೆ. ಸ್ಪೀಕರಿನ ಮೈನಸ್ಸನ್ನು ಕವಚದ ಗ್ರೌಂಡಿಗೆ ಸೇರಿಸಿದರೂ ಅದೇ ಗತಿ. ಮಲ್ಟಿಮೀಟರಿನ ಕಪ್ಪು ಕಡ್ಡಿಯನ್ನು ಗ್ರೌಂಡಿನಲ್ಲಿಟ್ಟು ಕೆಂಪನ್ನು ಎರಡು ಸ್ಪೀಕರ್ ಕಾಲುಗಳಿಗೂ ಮುಟ್ಟಿಸಿದರೆ ಗುಟ್ಟು ತಿಳಿಯುತ್ತದೆ: ಎರಡರಲ್ಲೂ ಸುಮಾರು ಎರಡೂವರೆ ವೋಲ್ಟ್ ಕಾಣಬೇಕು. ಒಂದರಲ್ಲಿ ಸೊನ್ನೆ ಕಂಡರೆ ಅದು ಎಲ್ಲೋ ಗ್ರೌಂಡಿಗೆ ತಾಗಿದೆ. ಇಂಥ ಹಲಗೆಯನ್ನು ಮಾಹಿತಿ ಚೀಟಿಯಿಲ್ಲದೆ ಬರೀ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಮಾರುವುದು ಸರಿಯಲ್ಲ.

ಪರಿಹಾರಗಳೆಂದು ಹೇಳಿಕೊಳ್ಳುವವುಗಳ ಯೋಗ್ಯತೆಯೂ ಒಂದೇ ಅಲ್ಲ. ಆಂಪಿಗೆ ಪ್ರತ್ಯೇಕ ವಿದ್ಯುತ್ ಒದಗಿಸುವ ಬಿ0505ಎಸ್ ಎಂಬ ಪುಟ್ಟ ಪೆಟ್ಟಿಗೆ ನಿಜಕ್ಕೂ ಗೊರಗೊರ ಕಳೆಯುತ್ತದೆ. ಆದರೆ ಅದರ ಸಾಮಾನ್ಯ ಮಾದರಿಯ ಮಿತಿ 1 ವ್ಯಾಟ್, ಅಂದರೆ 5 ವೋಲ್ಟಿನಲ್ಲಿ 200 ಮಿಲಿಆಂಪಿಯರ್. ಪಿಎಎಂ8403ರ ಧ್ವನಿ ಏರಿಸಿದರೆ ಅದು ಸಾಲದೆ ಸಂಗೀತ ಹರಿದುಹೋಗುತ್ತದೆ. ಆಡಿಯೊ ದಾರಿಯಲ್ಲಿ ಪುಟ್ಟ ಟ್ರಾನ್ಸ್‌ಫಾರ್ಮರ್ ಕೂರಿಸುವುದೂ ಉಂಟು. ಗ್ರೌಂಡುಗಳನ್ನು ಅದು ಬೇರ್ಪಡಿಸುತ್ತದೆ, ಮಂದ್ರ ಸ್ವರಗಳನ್ನು ತುಸು ತಿನ್ನುತ್ತದೆ. ರೂಪಾಯಿ ನಾಣ್ಯದಷ್ಟು ಅಗಲದ ಸ್ಪೀಕರಿಗೆ ಅದು ದೊಡ್ಡ ನಷ್ಟವಲ್ಲ. ಇವೆರಡಕ್ಕಿಂತ ಮೇಲಾದದ್ದು ಖರ್ಚೇ ಇಲ್ಲದ ಕೆಲಸ: ಪರದೆ, ಪೈ, ಆಂಪ್ ಮೂರರ ಗ್ರೌಂಡನ್ನೂ ಬೇರೆ ಬೇರೆ ವೈರಿನಲ್ಲಿ ವಿದ್ಯುತ್ ಹಲಗೆಯ ಒಂದೇ ಬಿಂದುವಿಗೆ ತರುವುದು. ಪೈನದು ದಪ್ಪವಾಗಿ, ಗಿಡ್ಡವಾಗಿ ಇರಬೇಕು. ಪಿಎಎಂ8302ರಂತೆ ಎರಡು ತುದಿಯ ಒಳದಾರಿಯಿರುವ ಆಂಪಾದರೆ ಧ್ವನಿ ವೈರಿನ ಜೊತೆಗೇ ಪೈನ ಗ್ರೌಂಡಿನಿಂದ ಇನ್ನೊಂದು ವೈರನ್ನು ಹೆಣೆದು ತಂದು ಅದರ ಮೈನಸ್ ಒಳದಾರಿಗೆ ಕೊಡಬಹುದು.

ಇದೆಲ್ಲಕ್ಕಿಂತ ಸಮರ್ಪಕವಾದದ್ದು ಪಿಡಬ್ಲ್ಯೂಎಂ ದಾರಿಯನ್ನೇ ಬಿಡುವುದು. ಐ2ಎಸ್ ಎಂಬ ವ್ಯವಸ್ಥೆಯಲ್ಲಿ ಪೈ ಧ್ವನಿಯನ್ನು ಅಂಕಿಗಳಾಗಿಯೇ ಕಳಿಸುತ್ತದೆ. ಮ್ಯಾಕ್ಸ್98357ಎಯಂಥ ಚಿಪ್ ಅದನ್ನು ಸ್ಪೀಕರಿನ ಪಕ್ಕದಲ್ಲೇ ಅಲೆಯಾಗಿಸಿ ವರ್ಧಿಸುತ್ತದೆ. ಸೊನ್ನೆ-ಒಂದರ ಭಾಷೆಯಲ್ಲಿ 10 ಮಿಲಿವೋಲ್ಟಿನ ಕುಣಿತಕ್ಕೆ ಬೆಲೆಯಿಲ್ಲ. ತೊಡಕು ಒಂದೇ: ಅದಕ್ಕೆ ಬೇಕಾದ 18, 19, 21ನೇ ಪಿನ್ನುಗಳಲ್ಲಿ 18ನ್ನು ಕೆಲವು ಪುಟ್ಟ ಪರದೆಗಳು ಬ್ಯಾಕ್‌ಲೈಟ್ ನಿಯಂತ್ರಣಕ್ಕೆ ಬಳಸುತ್ತವೆ. ಪರದೆ, ಗುಂಡಿಗಳನ್ನೆಲ್ಲ ಬೆಸೆದ ಮೇಲೆ ಧ್ವನಿಯ ನೆನಪಾದವರಿಗೆ ಆ ಪಿನ್ ಸಿಗುವುದಿಲ್ಲ.

ಆದ್ದರಿಂದ ಹೊಸದಾಗಿ ಕಟ್ಟುವವರು ಪರದೆ ಆರಿಸುವ ಮುನ್ನವೇ ಈ ಮೂರು ಪಿನ್ನುಗಳನ್ನು ಧ್ವನಿಗೆ ಮೀಸಲಿಡಲಿ. ಕಟ್ಟಿ ಮುಗಿಸಿ ಗೊರಗೊರದೊಡನೆ ಹೆಣಗುತ್ತಿರುವವರು ಇನ್ನೊಂದು ಕೆಪಾಸಿಟರ್ ಕೊಳ್ಳುವ ಮೊದಲು ಒಂದು ಸಂಜೆ ಬಿಡುವು ಮಾಡಿಕೊಳ್ಳಲಿ. ಕವಚ ಬಿಚ್ಚಿ, ಬ್ಯಾಕ್‌ಲೈಟಿನ ಗ್ರೌಂಡನ್ನು ಪೈನಿಂದ ಕಳಚಿ ನೇರವಾಗಿ ವಿದ್ಯುತ್ ಹಲಗೆಗೆ ಬೆಸೆದು, ಅದೇ ಆಟವನ್ನು ಮತ್ತೆ ಕೇಳಿ ನೋಡಲಿ.